ನೀಲಿ ಪಟ್ಟಿ

ಲಿಂಕನ್‌ಶೈರಿನ ಸ್ಪಾಲ್ಡಿಂಗ್‌ನಲ್ಲಿ ರಾತ್ರಿ ಪಾಳಿ.
ಕೊರೆಯುವ ಚಳಿಯ ಉದ್ದನೆ ಕೋಣೆ.
ಬ್ರೆಡ್ಡಿನ ಮೇಲೆ ಮೊಟ್ಟೆ, ಮೊಟ್ಟೆಯ ಮೇಲೆ ಸೊಪ್ಪು,
ಸೊಪ್ಪಿನ ಮೇಲೆ ಮತ್ತೆ ಬ್ರೆಡ್ಡು.
ನನ್ನ ತೋಳಿಗೆ ಹಸಿರು ಬಟ್ಟೆ, ಕೊರಳಲ್ಲಿ ಕೀಲಿಕೈ:
ಗಾಯದ ಪೆಟ್ಟಿಗೆ ನನ್ನ ಸುಪರ್ದಿಗೆ.

ಒಳಗೆ ಎಲ್ಲವೂ ನೀಲಿ.
ಬೆರಳ ತುದಿಗೆ ಚಿಟ್ಟೆಯಾಕಾರದ್ದು,
ಗೆಣ್ಣಿಗೆ ನಡು ಸಣ್ಣಗಿರುವುದು,
ಅಂಗೈಗೆ ಅಗಲದ್ದು.
ಯಾಕೆ ನೀಲಿ, ಹೊಸಬರು ಕೇಳುತ್ತಾರೆ.
ನೀಲಿ ಬಣ್ಣದ್ದು ಏನಾದರೂ ತಿಂದಿದ್ದೀಯಾ
ಈವರೆಗೆ, ಅನ್ನುತ್ತೇನೆ.
(ನೇರಳೆ ಹಣ್ಣು, ಅಂದಳೊಮ್ಮೆ ಒಬ್ಬ ತೆಲುಗು ಹುಡುಗಿ.
ಅದು ನಾಲಿಗೆಗೆ ನೀಲಿ, ಕಣ್ಣಿಗೆ ಕಪ್ಪು, ಅಂದೆ.
ವಾದ ಇನ್ನೂ ಮುಗಿದಿಲ್ಲ.)

ಪಟ್ಟಿಯೊಳಗೊಂದು ಲೋಹದ ಎಳೆ, ಕಾಣುವುದಿಲ್ಲ.
ಕಳಚಿ ಬಿದ್ದು ಮೊಟ್ಟೆಯಲ್ಲಿ ಹೂತರೂ
ಕಮಾನಿನಂಥ ಯಂತ್ರದಡಿ ಹಾಯುವಾಗ
ಸಿಕ್ಕಿಬೀಳುತ್ತದೆ, ಬೆಲ್ಟು ನಿಲ್ಲುತ್ತದೆ.

ಹಚ್ಚುವುದಕ್ಕೂ ಒಂದು ಕ್ರಮ.
ಮೊದಲು ನೀರು. ಆಮೇಲೆ ಒಣಗಿಸು,
ಒದ್ದೆಯ ಮೇಲೆ ಯಾವುದೂ ಅಂಟದು.
ನಡುವಿನ ಬಿಳಿ ಮೆತ್ತೆಯನ್ನು
ನಿನ್ನ ಬೆರಳೂ ಮುಟ್ಟಬಾರದು.
ಬಿಗಿದರೆ ಬೆರಳೇ ನೀಲಿಯಾದೀತು,
ಸಡಿಲ ಬಿಟ್ಟರೆ ಅಂಚು ಏಳುತ್ತದೆ.
ನಮ್ಮಲ್ಲಿ ಈಳಿಗೆ ಕೊಯ್ದರೆ ಕಾಫಿಪುಡಿ ಒತ್ತಿ
ಹಳೇ ಪಂಚೆಯ ಚೂರು ಸುತ್ತುತ್ತಿದ್ದರು.
ಇದನ್ನು ತರಬೇತಿಯಲ್ಲಿ ಹೇಳಿದೆ.
ಯಾರೂ ಬರೆದುಕೊಳ್ಳಲಿಲ್ಲ.

ಆಮೇಲೆ ಪುಸ್ತಕ. ನಂಬರು, ಹೆಸರು, ಬೆರಳು, ಹೊತ್ತು,
ಕೊನೆಯ ಕಾಲಮ್ಮು: ಪಾಳಿ ಮುಗಿದಾಗ ಇದೆಯೇ?
ಮನೆಗೆ ಹೊರಡುವವರು ಸಾಲಾಗಿ ಬೆರಳು ತೋರಿಸಬೇಕು,
ನಾನು ಗೀಟು ಹಾಕಬೇಕು.

ಮಂಗಳವಾರ, ಬೆಳಗಿನ ಜಾವ ನಾಲ್ಕು ಹತ್ತು.
ಕೋಸ್ಮಿನ್, ಏಜೆನ್ಸಿಯ ಹುಡುಗ, ಅವನ ಮೂರನೇ ರಾತ್ರಿ.
ಗ್ಲೌಸು ಬದಲಾಯಿಸುವಾಗ ಕಂಡೆ ತೋರುಬೆರಳ ತುದಿಗೆ
ಬಿಳಿಚಿದ, ನೆನೆದ, ನಿರಿಗೆಗಟ್ಟಿದ ಉಂಗುರ.
ಪಟ್ಟಿ ಇದ್ದ ಜಾಗ. ಪಟ್ಟಿ ಇಲ್ಲ.
ನನ್ನ ಪುಸ್ತಕದಲ್ಲಿ ಅವನ ಹೆಸರೂ ಇಲ್ಲ.

ಯಾವ ಬಣ್ಣದ್ದು, ಕೇಳಿದೆ.
ಚರ್ಮದ ಬಣ್ಣ, ಅಂದ ನೆಲ ನೋಡುತ್ತ.
ಯಾರ ಚರ್ಮ ಎಂದು ಕೇಳುವ ಹೊತ್ತಲ್ಲ ಅದು.
ಒಂದು ಪೌಂಡಿಗೆ ನಲವತ್ತು ಸಿಗುವ ಡಬ್ಬಿಯದು,
ಎಳೆ ಇಲ್ಲದ್ದು, ಯಂತ್ರದ ಕಿವಿಗೆ ಬೀಳದ್ದು.
ಅದಕ್ಕೇ ಆರಿಸಿದ್ದ.
ಕೊಯ್ದುಕೊಂಡವನನ್ನು ಮನೆಗೆ ಕಳಿಸುತ್ತಾರೆ,
ಕಳಿಸಿದ ರಾತ್ರಿಗೆ ಕೂಲಿಯಿಲ್ಲ ಎಂದು
ಯಾರೋ ಕಿವಿಯೂದಿದ್ದರು.
ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ.

ಕೆಂಪು ಗುಂಡಿ ಒತ್ತಿದೆ.
ಡೆಸ್ಮಂಡ್ ಬಂದ. ಬೈಯಲಿಲ್ಲ. ಅದೇ ಹೆದರಿಕೆ.
ಮೊಟ್ಟೆಯ ಹಳದಿಯಲ್ಲಿ, ಬ್ರೆಡ್ಡಿನಂಚಿನ ಕಂದಿನಲ್ಲಿ
ಚರ್ಮದ ಬಣ್ಣ ಹುಡುಕುವುದೆಂದರೆ
ಮರಳಲ್ಲಿ ಎಳ್ಳು ಹೆಕ್ಕಿದ ಹಾಗೆ.
ಸಾವಿರದೆಂಟುನೂರು ಸ್ಯಾಂಡ್‌ವಿಚ್ಚು, ಲೇಬಲ್ ಸಮೇತ,
ಕಸದ ತೊಟ್ಟಿಗೆ.
ಸುರಿಯುತ್ತ ಸುರಿಯುತ್ತ ವೈದಾ
ತನ್ನ ಲಿಥುವೇನಿಯನ್ನಿನಲ್ಲಿ ಏನೋ ಗೊಣಗಿದಳು,
ಬೈಗುಳಕ್ಕೆ ದುಭಾಷಿ ಬೇಕಿಲ್ಲ.

ಐದೂಕಾಲಿಗೆ ಸಿಕ್ಕಿತು
ಅವನೇ ಬಿಸಾಕಿದ ಗ್ಲೌಸಿನ ಬೆರಳೊಳಗೆ,
ತುದಿಯಲ್ಲಿ ಮುದುಡಿಕೊಂಡು,
ಹಕ್ಕಳೆಯಷ್ಟು ಕಂದು ಕಲೆ ಹೊತ್ತು.
ಒಂದು ಚೂರು ಬ್ರೆಡ್ಡನ್ನೂ ಸೋಕಿರಲಿಲ್ಲ.

ನಲ್ಲಿಯ ಬಳಿ ಕರೆದೊಯ್ದೆ.
ನೀರು. ಒಣಬಟ್ಟೆ. ಚಿಟ್ಟೆಯಾಕಾರದ್ದು.
ಗಾಯ ಆಗಲೇ ಬಾಯಿ ಮುಚ್ಚಿಕೊಂಡಿತ್ತು,
ಕೂದಲೆಳೆಯಷ್ಟು ಕೆಂಪು, ಅಷ್ಟೇ.
ಇದು ತುಂಬಾ ಕಾಣುತ್ತೆ, ಅಂದ.
ಕಾಣಲಿ ಅಂತಲೇ, ಅಂದೆ.

ಆರಕ್ಕೆ ಏಜೆನ್ಸಿಯ ವ್ಯಾನು ಬಂತು.
ಬೆರಳು ತೋರಿಸುವ ಸಾಲಿನಲ್ಲಿ ಅವನು ನಿಲ್ಲಲಿಲ್ಲ,
ಅಥವಾ ನಿಲ್ಲಲು ಬಿಡಲಿಲ್ಲ.
ಮರುರಾತ್ರಿ ಅವನ ಜಾಗದಲ್ಲಿ ಬೇರೆ ಹುಡುಗ,
ಹತ್ತೂ ಬೆರಳು ಹೊಸದು, ಒಂದೂ ಗೀರಿಲ್ಲ.

ನಂಬರು ಏಳು. ಕೋಸ್ಮಿನ್. ಬಲ ತೋರುಬೆರಳು. ಐದು ಇಪ್ಪತ್ತೆರಡು.
ಕೊನೆಯ ಕಾಲಮ್ಮು ಖಾಲಿ.
ತಪಾಸಣೆಗೆ ಬಂದವರು ಅಲ್ಲಿ ಪೆನ್ನು ಊರಿದರು:
ಇದು ಈಗ ಎಲ್ಲಿದೆ?
ಹೊರಗೆಲ್ಲೋ, ಒಂದು ಬೆರಳಿನ ಮೇಲೆ, ಅಂದೆ.
ಅದನ್ನು ಬರೆದುಕೊಂಡರು.